ಛಾವಣಿ ಮೂಲೆಯ ಗಾಳಿ ಒತ್ತಡ ನಾನ್-ಗಾಸಿಯನ್ ಅಂತೆ, 3.7 ಸಿಗ್ಮಾ ಸಾಕಾಗಲ್ವಾ?

ಹಿಂಜೆವಾಡಿ_ಹುಬ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಒಂದು ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯಲ್ಲಿ ಕೆಲಸ, ನಾಲ್ಕು ವರ್ಷ ಆಯಿತು. ಚಾಕಣ ಕಡೆ ಒಂದು ದೊಡ್ಡ ಗೋದಾಮು ಮಾಡುತ್ತಿದ್ದೇವೆ. ಛಾವಣಿ ಹೆಚ್ಚು ಕಮ್ಮಿ ಸಪಾಟು, ಮೇಲೆ ತಗಡು, ಅದರ ಮೇಲೆ ಸೋಲಾರ್ ಬರುತ್ತದಂತೆ. ಕ್ಲೈಂಟು ದುಡ್ಡಿರುವ ಜನ, ಹಾಗಾಗಿ ವಿಂಡ್ ಟನೆಲ್ ಟೆಸ್ಟ್ (ಸಣ್ಣ ಮಾಡೆಲ್ ಮೇಲೆ ಗಾಳಿ ಬಿಟ್ಟು ಅಳೆಯುವುದು) ಮಾಡಿಸಿದ್ದಾರೆ. ರಿಪೋರ್ಟು ಬಂದಿದೆ, ನನ್ನ ತಲೆ ಕೆಟ್ಟಿದೆ.

ಮೂಲೆಯ ಒಂದು ಟ್ಯಾಪ್ (ಮಾಡೆಲ್ ಮೇಲೆ ಒತ್ತಡ ಅಳೆಯುವ ಸಣ್ಣ ತೂತು) ನೋಡಿ. ಒತ್ತಡದ ಗುಣಾಂಕದ ಸರಾಸರಿ ಮೈನಸ್ 1.1, ಆರ್‌ಎಂಎಸ್ ಏರಿಳಿತ, ಅಂದರೆ ಸಿಗ್ಮಾ, 0.45. ಪೀಕ್ ಸರಾಸರಿಯಿಂದ ಎಷ್ಟು ಸಿಗ್ಮಾ ದೂರ ಅಂತ ಹೇಳಲು ನನಗೆ ಕಾಲೇಜಿನಲ್ಲಿ ಕಲಿಸಿದ್ದು ಡೇವನ್‌ಪೋರ್ಟ್ ಪೀಕ್ ಫ್ಯಾಕ್ಟರ್. ಹತ್ತು ನಿಮಿಷ, ಸೆಕೆಂಡಿಗೆ ಒಂದು ಸಲ ಸರಾಸರಿ ದಾಟುತ್ತದೆ ಅಂತ ಹಿಡಿದರೆ 3.74 ಬರುತ್ತದೆ. ಅಂದರೆ ಪೀಕ್ ಮೈನಸ್ 2.78 ಆಗಬೇಕು. ರಿಪೋರ್ಟಿನಲ್ಲಿ ಮೈನಸ್ 4.3 ಅಂತ ಬರೆದಿದ್ದಾರೆ! ಸರಾಸರಿಯಿಂದ 7 ಸಿಗ್ಮಾ ದೂರ. ಕೆಳಗೆ ಒಂದು ಸಾಲು: 'ಒತ್ತಡ ನಾನ್-ಗಾಸಿಯನ್, ಸ್ಕ್ಯೂನೆಸ್ ಮೈನಸ್ 0.9, ಕರ್ಟೋಸಿಸ್ 5'. ಗಾಸಿಯನ್ ಅಂದರೆ ಗಂಟೆ ಆಕಾರದ ಹಂಚಿಕೆ, ಸ್ಕ್ಯೂನೆಸ್ ಅಂದರೆ ಒಂದು ಕಡೆ ವಾಲುವುದು, ಕರ್ಟೋಸಿಸ್ ಅಂದರೆ ಬಾಲದ ದಪ್ಪ (ಗಾಸಿಯನ್ ಆದರೆ 0 ಮತ್ತು 3) ಅನ್ನುವಷ್ಟು ನನಗೆ ಗೊತ್ತು, ಮುಂದಕ್ಕೆ ವಿವರಣೆ ಇಲ್ಲ.

ಬಾಸ್ ಹೇಳುವುದು, 'ಕೋಡಿನಲ್ಲಿ ಮೂಲೆಗೆ ಮೈನಸ್ 2 ಇದೆ, ಅದನ್ನೇ ಹಾಕು, ರಿಪೋರ್ಟು ಫೈಲಿನಲ್ಲಿರಲಿ'. ನನ್ನ ಮನಸ್ಸು ಒಪ್ಪುತ್ತಿಲ್ಲ. 2 ಎಲ್ಲಿ, 4.3 ಎಲ್ಲಿ? ಇನ್ನೊಂದು ಪ್ರಶ್ನೆ: ಈ 7 ಸಿಗ್ಮಾ ನಿಜವೇ ಆದರೆ ಕೆಳಗಿನ ಉಕ್ಕಿನ ಫ್ರೇಮಿಗೂ ಅದನ್ನೇ ಹಾಕಬೇಕಾ? ಹಾಗೆ ಹಾಕಿದರೆ ಟನ್ನೇಜ್ ನೋಡಿ ಕ್ಲೈಂಟ್ ನಮ್ಮನ್ನು ಓಡಿಸುತ್ತಾರೆ.

ಮಾಟುಂಗ_ಮಾಣಿ:

ಮಾರಾಯ್ರೆ, ಮೊದಲು ಒಂದು ಕೆಲಸ ಮಾಡಿ. 2 ಮತ್ತು 4.3ನ್ನು ಅಕ್ಕಪಕ್ಕ ಇಟ್ಟು ನೋಡುವುದನ್ನು ನಿಲ್ಲಿಸಿ. ಎರಡಕ್ಕೂ ಅಳತೆಗೋಲು ಬೇರೆ. ಐಎಸ್ 875 ಭಾಗ 3, ಅಂದರೆ ನಮ್ಮ ಗಾಳಿಯ ಕೋಡು, ಅದರ ಗುಣಾಂಕವನ್ನು ಗುಣಿಸುವುದು 3 ಸೆಕೆಂಡ್ ಗಸ್ಟ್ (ಗಾಳಿಯ ಒಂದು ಬೀಸು) ವೇಗದ ಒತ್ತಡಕ್ಕೆ. ಪುಣೆಗೆ 39 ಮೀಟರ್ ಪ್ರತಿ ಸೆಕೆಂಡ್, ನಮ್ಮ ಮುಂಬಯಿಗೆ 44, ಅದೆಲ್ಲ 3 ಸೆಕೆಂಡಿನ ಲೆಕ್ಕ. ಟನೆಲ್ ರಿಪೋರ್ಟಿನ ಗುಣಾಂಕ ಸಾಮಾನ್ಯವಾಗಿ ಛಾವಣಿ ಎತ್ತರದ ಸರಾಸರಿ ವೇಗಕ್ಕೆ ಸಂಬಂಧಿಸಿದ್ದು. ನಿಮ್ಮ ರಿಪೋರ್ಟಿನ ಮೊದಲ ಪುಟಗಳಲ್ಲೇ ಇರುತ್ತದೆ, ನೋಡಿ. ಬಯಲಿನಲ್ಲಿ ಹತ್ತು ನಿಮಿಷದ ಸರಾಸರಿಗಿಂತ 3 ಸೆಕೆಂಡ್ ಗಸ್ಟ್ ಸುಮಾರು 1.43 ಪಟ್ಟು. ಒತ್ತಡ ಹೋಗುವುದು ವೇಗದ ವರ್ಗದಲ್ಲಿ, ಹಾಗಾಗಿ 2.05 ಪಟ್ಟು. 4.3ನ್ನು 2.05ರಿಂದ ಭಾಗಿಸಿ, 2.1 ಬಂತಲ್ವಾ? ನಿಮ್ಮ ಬಾಸ್ ಹೇಳಿದ 2ರ ಪಕ್ಕದಲ್ಲೇ ಇದೆ.

ಈಗ ತಮಾಷೆ ನೋಡಿ. ನಿಮ್ಮ 2.78ನ್ನು ಹಾಗೇ ಭಾಗಿಸಿದರೆ 1.36. ಅಂದರೆ ರಿಪೋರ್ಟೂ ಕೋಡೂ ಜಗಳ ಆಡುತ್ತಿಲ್ಲ, ತಪ್ಪಿದ್ದು ನಿಮ್ಮ 3.74. ಪುಣ್ಯಕ್ಕೆ ಅದನ್ನು ಡ್ರಾಯಿಂಗಿಗೆ ಹಾಕುವ ಮೊದಲು ಕೇಳಿದಿರಿ.

ಯಾಕೆ ತಪ್ಪಿತು ಅಂತ ಹೇಳುತ್ತೇನೆ. ಡೇವನ್‌ಪೋರ್ಟ್ ಸೂತ್ರ ನಿಂತಿರುವುದೇ ಏರಿಳಿತ ಗಾಸಿಯನ್ ಅನ್ನುವ ನಂಬಿಕೆ ಮೇಲೆ. ಗಾಳಿಯ ವೇಗ ಹೆಚ್ಚು ಕಮ್ಮಿ ಗಾಸಿಯನ್ ಅಂತ ಒಪ್ಪೋಣ. ಆದರೆ ಒತ್ತಡ ವೇಗದ ವರ್ಗ. ಬರೇ ವರ್ಗ ಮಾಡಿದ್ದಕ್ಕೇ ಆಕಾರ ಕೆಡುತ್ತದೆ. ಟರ್ಬುಲೆನ್ಸ್, ಅಂದರೆ ಸರಾಸರಿ ವೇಗಕ್ಕೆ ಹೋಲಿಸಿದ ವೇಗದ ಏರಿಳಿತ, 20 ಶೇಕಡಾ ಇದ್ದರೆ ಸ್ಕ್ಯೂನೆಸ್ ಸೊನ್ನೆಯಿಂದ 0.59ಕ್ಕೆ, ಕರ್ಟೋಸಿಸ್ 3ರಿಂದ 3.47ಕ್ಕೆ ಹೋಗುತ್ತದೆ. ಇದು ಗಾಳಿ ನೇರ ಬಡಿಯುವ ಗೋಡೆಯ ಕಥೆ. ಛಾವಣಿ ಮೂಲೆಯದ್ದು ಇನ್ನೂ ಬೇರೆ. ಗಾಳಿ ಓರೆಯಾಗಿ ಬಂದಾಗ ಎರಡೂ ಅಂಚಿನಿಂದ ಶಂಕುವಿನ ಹಾಗೆ ಸುಳಿ ಏಳುತ್ತದೆ. ಆ ಸುಳಿ ಒಂದು ಕ್ಷಣ ಬಿಗಿಯಾಗಿ ತಗಡಿನ ಹತ್ತಿರ ಕೂರುತ್ತದೆ, ಇನ್ನೊಂದು ಕ್ಷಣ ಸಡಿಲವಾಗುತ್ತದೆ. ಬಿಗಿಯಾದಾಗೆಲ್ಲ ಮೇಲಕ್ಕೆ ಒಂದು ಜಗ್ಗು. ಬಹಳ ಹೊತ್ತು ಸುಮ್ನೆ ಇದ್ದು ಒಮ್ಮೆಲೇ ಜಗ್ಗುವ ಇಂಥ ಸಿಗ್ನಲ್‌ನಲ್ಲಿ ಆರ್‌ಎಂಎಸ್ ಸಣ್ಣದಾಗಿ ಕಾಣುತ್ತದೆ, ಪೀಕ್ ದೊಡ್ಡದಿರುತ್ತದೆ.

ಕೈಲೆಕ್ಕ ಬೇಕಾದರೆ ವಿಂಟರ್‌ಸ್ಟೈನ್ ಅವರ 1988ರ ಹರ್ಮೈಟ್ ವಿಧಾನ ಹಿಡಿಯಿರಿ. ಗಾಸಿಯನ್ ಸಂಖ್ಯೆ 'ಯು' ತೆಗೆದುಕೊಂಡು ಅದನ್ನು ವರ್ಗ, ಘನ ಸೇರಿಸಿ ಬಗ್ಗಿಸುವುದು, ಅಷ್ಟೇ. ನಿಮ್ಮ ಕರ್ಟೋಸಿಸ್ 5 ಲೆಕ್ಕಕ್ಕೆ ಹೇಳಿಮಾಡಿಸಿದ ಹಾಗಿದೆ. 5ರಲ್ಲಿ 3 ಕಳೆದು ಒಂದೂವರೆಯಿಂದ ಗುಣಿಸಿ 1 ಕೂಡಿಸಿದರೆ 4, ಅದರ ವರ್ಗಮೂಲ 2. ಅದರಲ್ಲಿ 1 ಕಳೆದು 18ರಿಂದ ಭಾಗಿಸಿದರೆ 0.0556, ಇದು ಘನದ ಗುಣಕ. ಸ್ಕ್ಯೂನೆಸ್ 0.9ನ್ನು, 4ಕ್ಕೆ ಆ ವರ್ಗಮೂಲದ ಎರಡರಷ್ಟು ಕೂಡಿಸಿದ 8ರಿಂದ ಭಾಗಿಸಿ, 0.1125, ಇದು ವರ್ಗದ ಗುಣಕ. ಈಗ ಯು ಜಾಗದಲ್ಲಿ 3.74 ಹಾಕಿ. ವರ್ಗದಲ್ಲಿ 1 ಕಳೆದರೆ 12.99, ಘನದಲ್ಲಿ ಮೂರು ಯು ಕಳೆದರೆ 41.09. ಇವನ್ನು ಅದರದರ ಗುಣಕದಿಂದ ಗುಣಿಸಿ 3.74ಕ್ಕೆ ಕೂಡಿಸಿದರೆ 7.48. ಸಿಗ್ಮಾ ಸರಿಹೊಂದಿಸಲು 0.979ರಿಂದ ಗುಣಿಸಿ, 7.33. ಚಿಹ್ನೆ ನೋಡಿಕೊಳ್ಳಿ, ನಿಮ್ಮದು ಮೈನಸ್ ಕಡೆಯ ಬಾಲ. ಪೀಕ್ ಮೈನಸ್ 4.4 ಆಯಿತು. ರಿಪೋರ್ಟಿನ 4.3ಕ್ಕೆ ಇಷ್ಟು ಹತ್ತಿರ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಫ್ರೇಮಿನ ಪ್ರಶ್ನೆಗೆ ರಾತ್ರಿ ಬರೆಯುತ್ತೇನೆ, ಈಗ ಲೋಕಲ್ ಹಿಡಿಯಬೇಕು.

ವಾಶಿ_ಟವರ್:

ಇಷ್ಟೆಲ್ಲ ಕೈಲೆಕ್ಕ ಯಾಕೆ? ಸ್ಪೆಕ್ಟ್ರಮ್ ಇದ್ದರೆ ಸಾಫ್ಟ್‌ವೇರ್‌ನಲ್ಲಿ ಟೈಮ್ ಹಿಸ್ಟರಿ (ಕ್ಷಣ ಕ್ಷಣದ ಒತ್ತಡದ ದಾಖಲೆ) ಹುಟ್ಟಿಸಿ ಮಾಡೆಲ್‌ಗೆ ಕೊಡಿ, ಪೀಕ್ ತಾನೇ ಬರುತ್ತದೆ. ನಾವು 40 ಮಹಡಿ ಟವರಿಗೆ ಹಾಗೇ ಮಾಡುವುದು, ಒಂದು ದಿನವೂ ತೊಂದರೆ ಆಗಿಲ್ಲ.

ಡೊಂಬಿವಲಿ_ಅಜ್ಜ:

ವಾಶಿ ತಮ್ಮಾ, ನೀನು ಹೇಳಿದ ದಾರಿಯಲ್ಲಿ ಒಂದು ಗುಂಡಿ ಇದೆ, ನಾನೂ ಅದರಲ್ಲಿ ಬಿದ್ದು ಎದ್ದವನು. ಸ್ಪೆಕ್ಟ್ರಮ್‌ನಲ್ಲಿ ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಅಂತ ಮಾತ್ರ ಇರುತ್ತದೆ. ಯಾವ ಅಲೆ ಯಾವಾಗ ತಲೆ ಎತ್ತುತ್ತದೆ ಅನ್ನುವ ಫೇಸ್ ಅದರಲ್ಲಿ ಇಲ್ಲ. ಸಾಫ್ಟ್‌ವೇರ್ ಏನು ಮಾಡುತ್ತದೆ? ನೂರಾರು ಸೈನ್ ಅಲೆಗಳಿಗೆ ಲಾಟರಿ ಎತ್ತಿದ ಹಾಗೆ ಫೇಸ್ ಹಂಚಿ ಕೂಡಿಸುತ್ತದೆ. ಹಾಗೆ ಕೂಡಿಸಿದ ಯಾವುದೇ ಸಿಗ್ನಲ್ ಗಾಸಿಯನ್ ಆಗಿಯೇ ತೀರುತ್ತದೆ. ಮೂಲೆಯ ಸುಳಿಯ ಜಗ್ಗು ಒಟ್ಟಿಗೆ ಬರುವುದೇ ಫೇಸ್‌ಗಳು ಒಂದಾಗುವುದರಿಂದ, ಅದನ್ನೇ ನೀನು ಕಲಸಿಹಾಕಿದೆ. ಸಾವಿರ ಸಲ ಓಡಿಸು, 7 ಸಿಗ್ಮಾ ಬರಲ್ಲ. ಹುಟ್ಟಿಸಲೇಬೇಕು ಅಂದರೆ ಗಾಸಿಯನ್ ಹುಟ್ಟಿಸಿ, ಆಮೇಲೆ ಮಾಣಿ ಹೇಳಿದ ಹಾಗೆ ಬಗ್ಗಿಸಬೇಕು. ಬಗ್ಗಿಸಿದರೆ ಸ್ಪೆಕ್ಟ್ರಮ್ ಸ್ವಲ್ಪ ಕದಲುತ್ತದೆ, ಅದನ್ನು ಮತ್ತೆ ತಿದ್ದಬೇಕು. ಇವನ ಕೈಯಲ್ಲಿ ಟನೆಲ್ಲಿನ ಅಸಲಿ ರೆಕಾರ್ಡ್ ಇರುವಾಗ ಆ ಗೋಳು ಯಾಕೆ?

ಆದರೆ ನಿನ್ನ ಟವರಿಗೆ ತೊಂದರೆ ಆಗಿಲ್ಲ ಅನ್ನುವುದು ನಿಜ, ಅದಕ್ಕೆ ಕಾರಣ ಬೇರೆ. 40 ಮಹಡಿ ಅಂದರೆ ಆವರ್ತನ ಸುಮಾರು 0.2 ಹರ್ಟ್ಜ್, ಡ್ಯಾಂಪಿಂಗ್ (ತೂಗಾಟ ಅಡಗಿಸುವ ಗುಣ) 1.5 ಶೇಕಡಾ ಹಿಡಿ. ಇಂಥ ಕಟ್ಟಡಕ್ಕೆ ಒಂದು ನೆನಪಿನ ಶಕ್ತಿ ಇರುತ್ತದೆ. ಒಂದು ಏಟು ಬಿದ್ದರೆ ಅದರ ತೂಗಾಟ ಇಳಿಯಲು 53 ಸೆಕೆಂಡಿನ ಲೆಕ್ಕ. ಎರಡು ಪೈ, ಆವರ್ತನ, ಡ್ಯಾಂಪಿಂಗ್ ಮೂರನ್ನೂ ಗುಣಿಸಿ 1ನ್ನು ಅದರಿಂದ ಭಾಗಿಸು, ಸಿಗುತ್ತದೆ. ಅಂದರೆ ಈ ಕ್ಷಣದ ತೂಗಾಟದಲ್ಲಿ ಕಳೆದ ಒಂದು ನಿಮಿಷದ ಎಷ್ಟೋ ಗಸ್ಟುಗಳ ಮೊತ್ತ ಇದೆ. ಅಷ್ಟೊಂದು ಕೂಡಿದರೆ ಮತ್ತೆ ಗಾಸಿಯನ್ನೇ. ಅದಕ್ಕೇ ಐಎಸ್ 875ರಲ್ಲಿ ಅನುರಣನದ (ಕಟ್ಟಡ ತನ್ನದೇ ತಾಳದಲ್ಲಿ ತೂಗುವುದು) ಪಾಲಿಗೆ ಹಾಕುವ ಪೀಕ್ ಫ್ಯಾಕ್ಟರ್, ಅಂದರೆ 3600 ಗುಣಿಸು ಆವರ್ತನದ ಲಾಗಿನ ಎರಡರಷ್ಟರ ವರ್ಗಮೂಲ, ನಿನ್ನ ಟವರಿಗೆ 3.63 ಬರುತ್ತದೆ, ಸಾಕಾಗುತ್ತದೆ. ಅದೇ ಟವರಿನ ಮೂಲೆಯ ಗಾಜಿಗೆ ಆ ನೆನಪು ಇಲ್ಲ. ಗಾಜಿಗೆ ಆ ಕ್ಷಣದ ಏಟೇ ಪೂರ್ತಿ ಏಟು.

ಇನ್ನೊಂದು ಮಾತು, ನಾನ್-ಗಾಸಿಯನ್ ಅಂದಾಕ್ಷಣ ಪೀಕ್ ಜಾಸ್ತಿ ಅಂತ ಹೆದರಬೇಡಿ. ನನ್ನ ಸರ್ವಿಸ್ ಹೆಚ್ಚು ಕಳೆದದ್ದು ಚಿಮಣಿಗಳ ಜೊತೆ. ಉಕ್ಕಿನ ಚಿಮಣಿ ಸುಳಿಯ ತಾಳಕ್ಕೆ ಸಿಕ್ಕಿ ಅಡ್ಡಡ್ಡ ತೂಗಲು ಶುರು ಮಾಡಿದರೆ ಅದು ಬಹುತೇಕ ಶುದ್ಧ ಸೈನ್ ಅಲೆ. ಸೈನ್ ಅಲೆಯ ಕರ್ಟೋಸಿಸ್ 1.5, ಪೀಕ್ ಫ್ಯಾಕ್ಟರ್ 1.41. ಅದೂ ನಾನ್-ಗಾಸಿಯನ್ನೇ! ಅಲ್ಲಿ 3.7 ಹಾಕಿದರೆ ಎರಡೂವರೆ ಪಟ್ಟು ಜಾಸ್ತಿ. ಅಲ್ಲಿ ಪೀಕ್ ಅಲ್ಲ ಶತ್ರು, ಎಷ್ಟು ಸಲ ತೂಗಿತು ಅನ್ನುವುದು ಶತ್ರು.

ಅಂದ ಹಾಗೆ ಡೇವನ್‌ಪೋರ್ಟ್ ಹುಟ್ಟಿದ್ದು ಮದ್ರಾಸಿನಲ್ಲಿ, 1932ರಲ್ಲಿ. ಕೆಲಸ ಮಾಡಿದ್ದು ಕೆನಡಾದಲ್ಲಿ. ಅವರ ಸೂತ್ರವನ್ನು ಬೈಯುವಾಗ ಸ್ವಲ್ಪ ನಮ್ಮ ಕಡೆಯವರು ಅಂತ ನೆನಪಿಟ್ಟುಕೊಳ್ಳಿ.

ವಾಶಿ_ಟವರ್:

ಒಪ್ಪಿದೆ ಅಜ್ಜ. ಆದರೆ ಒಂದು ಅನುಮಾನ. ನಮ್ಮ ಟೆರೇಸಿನಲ್ಲಿ ಒಂದು ಅನಿಮೋಮೀಟರ್ ಇದೆ. ಮೇ ತಿಂಗಳ ಸಂಜೆ ಗುಡುಗು ಮಳೆ ಬಂದಾಗಿನ ರೆಕಾರ್ಡ್ ನೋಡಿದರೆ ಗಾಳಿಯ ವೇಗದ್ದೇ ಕರ್ಟೋಸಿಸ್ 4ಕ್ಕಿಂತ ಮೇಲಿದೆ. ವೇಗ ಗಾಸಿಯನ್ ಅಂತ ಮಾಣಿ ಹೇಗೆ ಹೇಳಿದರು?

ಡೊಂಬಿವಲಿ_ಅಜ್ಜ:

ಅದು ಬೇರೆ ರೋಗ, ಲಕ್ಷಣ ಮಾತ್ರ ಒಂದೇ. ಅರ್ಧ ಹೊತ್ತು ಸಿಗ್ಮಾ 1, ಇನ್ನರ್ಧ ಹೊತ್ತು ಸಿಗ್ಮಾ 2 ಇರುವ ರೆಕಾರ್ಡ್ ತಗೋ. ಎರಡೂ ಭಾಗ ಬಿಡಿಬಿಡಿಯಾಗಿ ಪಕ್ಕಾ ಗಾಸಿಯನ್. ಒಟ್ಟು ಮಾಡಿ ಕರ್ಟೋಸಿಸ್ ತೆಗೆ, 4.08 ಬರುತ್ತದೆ. ಗುಡುಗು ಮಳೆಯ ಗಾಳಿ ಕೆಲವೇ ನಿಮಿಷದಲ್ಲಿ ಏರಿ ಇಳಿಯುತ್ತದೆ, ಸರಾಸರಿಯೇ ನಿಲ್ಲುವುದಿಲ್ಲ. ಮೊದಲು ಓಡುವ ಸರಾಸರಿ, ಓಡುವ ಸಿಗ್ಮಾ ಎರಡನ್ನೂ ತೆಗೆದುಹಾಕಿ ಉಳಿದದ್ದನ್ನು ನೋಡು. ಟನೆಲ್ಲಿನಲ್ಲಿ ಫ್ಯಾನು ಒಂದೇ ಸಮ ತಿರುಗುವುದರಿಂದ ಹುಬ್ಬಳ್ಳಿ ಹುಡುಗನಿಗೆ ಈ ತಲೆನೋವಿಲ್ಲ.

2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮುಂಬಯಿಯ ಕೊಲಾಬಾದಲ್ಲಿ ಗಂಟೆಗೆ 114 ಕಿಲೋಮೀಟರ್ ಗಸ್ಟ್ ದಾಖಲಾಯಿತು. ಅಂದರೆ ಸೆಕೆಂಡಿಗೆ 32 ಮೀಟರ್ ಹತ್ತಿರ, ವಿನ್ಯಾಸದ 44ರ ಮುಂದೆ ಏನೂ ಅಲ್ಲ. ಆದರೂ ನಮ್ಮ ಡೊಂಬಿವಲಿ ಸೊಸೈಟಿಯ ಟೆರೇಸ್ ಶೆಡ್ಡಿನ ತಗಡು ಮೂಲೆಯಿಂದಲೇ ಎದ್ದು ಪಕ್ಕದ ಕಟ್ಟಡಕ್ಕೆ ಹೋಯಿತು.

ವೆರ್ಣಾ_ಶೀಟು:

ಗೋವಾದಿಂದ ನಮಸ್ಕಾರ, ಊರು ಕಾರವಾರ, ಕೆಲಸ ಫ್ಯಾಕ್ಟರಿ ಶೆಡ್ಡುಗಳ ಮೇಂಟೆನೆನ್ಸ್. ಗಣಿತ ನಿಮ್ಮಷ್ಟು ಬರಲ್ಲ. ಆದರೆ ಅಜ್ಜ ಹೇಳಿದ ತಗಡಿನ ಮಾತಿಗೆ ಬರೆಯಲೇಬೇಕು ಅನ್ನಿಸಿತು.

ನಾನು ನೋಡಿದ ಎಷ್ಟೋ ಛಾವಣಿಗಳಲ್ಲಿ ತಗಡು ಹರಿದುಹೋಗುವುದಿಲ್ಲ. ಸ್ಕ್ರೂ ಜಾಗದಲ್ಲೇ ಇರುತ್ತದೆ, ವಾಷರ್ ಸುತ್ತ ತಗಡು ನಕ್ಷತ್ರದ ಹಾಗೆ ಸೀಳಿರುತ್ತದೆ, ತಗಡು ಸ್ಕ್ರೂ ತಲೆಯ ಮೇಲಿಂದ ಎದ್ದು ಹೋಗಿರುತ್ತದೆ. ಸೀಳಿನ ಅಂಚು ನೋಡಿದರೆ ಒಂದು ಕಡೆ ತುಕ್ಕು, ಒಂದು ಕಡೆ ಹೊಸ ಹೊಳಪು. ಅಂದರೆ ಅದು ಒಂದು ದಿನದ ಕೆಲಸ ಅಲ್ಲ. ಮಳೆಗಾಲ ಮಳೆಗಾಲ ಜಗ್ಗಿ ಜಗ್ಗಿ ಕಡೆಗೆ ಒಂದು ದಿನ ಹೋಗಿದ್ದು. ಇದೇ ಪಾಠ ಡಾರ್ವಿನ್ ಊರಿಗೆ 1974ರ ಡಿಸೆಂಬರಿನಲ್ಲಿ ಟ್ರೇಸಿ ಚಂಡಮಾರುತ ಕಲಿಸಿತ್ತು. ಅಲ್ಲಿ ಎಷ್ಟೋ ಮನೆಗಳ ತಗಡು ಸ್ಕ್ರೂ ಸುತ್ತಲಿನ ಆಯಾಸದಿಂದಲೇ ಹೋಯಿತು. ಅದೂ ವರ್ಷಗಟ್ಟಲೆ ಅಲ್ಲ, ಒಂದೇ ರಾತ್ರಿಯಲ್ಲಿ, ಕಡಿಮೆ ಸುತ್ತಿನ ದೊಡ್ಡ ಜಗ್ಗುಗಳಿಂದ. ಆಮೇಲೆ ಆಸ್ಟ್ರೇಲಿಯಾದಲ್ಲಿ ತಗಡನ್ನು ಸುಮ್ನೆ ಒಂದು ಸಲ ಎಳೆದು ಪರೀಕ್ಷೆ ಮಾಡುವುದು ಬಿಟ್ಟು, ಸುತ್ತು ಸುತ್ತು ಎಳೆದು ನೋಡಲು ಶುರು ಮಾಡಿದರು.

ಹಾಗಾಗಿ ಹುಬ್ಬಳ್ಳಿ ತಮ್ಮಾ, 7 ಸಿಗ್ಮಾ ಒಂದೇ ಸಂಖ್ಯೆ ನೋಡಿ ಬಿಡಬೇಡ. 4, 5 ಸಿಗ್ಮಾದ ಜಗ್ಗು ಎಷ್ಟಿವೆ ಎಣಿಸು. ಗಾಸಿಯನ್‌ನಲ್ಲಿ ಅವು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನಿನ್ನ ಮೂಲೆಯಲ್ಲಿ ಧಾರಾಳ ಇರುತ್ತವೆ, ಸ್ಕ್ರೂ ಸಾಯುವುದು ಅವುಗಳಿಂದಲೇ.

ಮಾಟುಂಗ_ಮಾಣಿ:

ಅಕ್ಕ ಹೇಳಿದ್ದು ನೂರಕ್ಕೆ ನೂರು. ರೇನ್‌ಫ್ಲೋ ಎಣಿಕೆಯನ್ನು (ದೊಡ್ಡ, ಸಣ್ಣ ಜಗ್ಗಿನ ಸುತ್ತುಗಳನ್ನು ಬಿಡಿಸಿ ಎಣಿಸುವುದು) ನೇರ ಟ್ಯಾಪ್ ರೆಕಾರ್ಡ್ ಮೇಲೇ ಮಾಡಿ. ಸ್ಪೆಕ್ಟ್ರಮ್‌ನಿಂದ ಆಯಾಸ ಲೆಕ್ಕ ಹಾಕುವ ಡಿರ್ಲಿಕ್ ಥರದ ಸೂತ್ರಗಳೂ ಗಾಸಿಯನ್ ನಂಬಿಕೆಯ ಮೇಲೇ ನಿಂತಿವೆ.

ಈಗ ಫ್ರೇಮಿನ ಪ್ರಶ್ನೆ. ಅಜ್ಜನ 'ನೆನಪು' ನಿಮ್ಮ ಗೋದಾಮಿಗೆ ಸಹಾಯ ಮಾಡಲ್ಲ. ಫ್ರೇಮಿನ ಆವರ್ತನ 2.5 ಹರ್ಟ್ಜ್, ಡ್ಯಾಂಪಿಂಗ್ 2 ಶೇಕಡಾ ಅಂದರೆ ನೆನಪು ಬರೇ 3 ಸೆಕೆಂಡ್. ಗಾಳಿ ಹೇಗೆ ಬರುತ್ತದೋ ಫ್ರೇಮ್ ಹಾಗೇ ಅನುಸರಿಸುತ್ತದೆ. ಅನುರಣನ ಹೆಚ್ಚಿಲ್ಲ, ಆಕಾರ ತೊಳೆದು ಹೋಗುವುದೂ ಇಲ್ಲ. ಫ್ರೇಮಿಗೆ ಸಹಾಯ ಮಾಡುವುದು ಅದು ಹೊರುವ ಜಾಗದ ಅಗಲ. ಸ್ಕ್ರೂ ನೋಡುವುದು ಅರ್ಧ ಚದರ ಮೀಟರನ್ನೂ ಅಲ್ಲ. ಪರ್ಲಿನ್ (ತಗಡು ಕೂರುವ ಅಡ್ಡ ತೊಲೆ) 6 ಮೀಟರ್ ಉದ್ದ, ಒಂದೂವರೆ ಮೀಟರ್ ಅಂತರ, 9 ಚದರ ಮೀಟರ್. ಫ್ರೇಮ್ 24 ಮೀಟರ್ ಅಗಲ ಇದ್ದರೆ, ಅದೇ 6 ಮೀಟರಿನಿಂದ ಗುಣಿಸಿ 144. ಮೂಲೆಯ ಸುಳಿ ಜಗ್ಗಿದ ಕ್ಷಣದಲ್ಲೇ ಇನ್ನೊಂದು ತುದಿ ಜಗ್ಗಬೇಕು ಅಂತೇನಿಲ್ಲ ಅಲ್ವಾ? ಕೋಡಿನ ಏರಿಯಾ ಫ್ಯಾಕ್ಟರ್ 10 ಚದರ ಮೀಟರಿಗೆ 1.0 ಇದ್ದು 100ಕ್ಕೆ 0.8 ಆಗುವುದು ಇದೇ ಕಾರಣಕ್ಕೆ.

ನಾಲ್ಕು ಜಾಗ ಪೂರ್ತಿ ಸ್ವತಂತ್ರ ಆಗಿದ್ದು, ಸಮ ತೂಕದಲ್ಲಿ ಕೂಡಿದರೆ ಸ್ಕ್ಯೂನೆಸ್ ಅರ್ಧ ಆಗುತ್ತದೆ, ಕರ್ಟೋಸಿಸ್‌ನಲ್ಲಿ 3ರ ಮೇಲಿನ ಪಾಲು ಕಾಲು ಆಗುತ್ತದೆ. ಆದರೆ ಟ್ಯಾಪ್ ಎಣಿಸಿ ಭಾಗಿಸಬೇಡಿ, ದಯವಿಟ್ಟು. ಒಂದೇ ಸುಳಿಯ ಕೆಳಗೆ ಹತ್ತು ಟ್ಯಾಪ್ ಇದ್ದರೂ ಅದು ಒಂದೇ ಜಾಗ. ಸರಿಯಾದ ದಾರಿ ಎಂದರೆ ಏಕಕಾಲದಲ್ಲಿ ಅಳೆದ ರೆಕಾರ್ಡ್ ಕೇಳಿ ತರಿಸಿ. ಪ್ರತಿ ಟ್ಯಾಪಿನ ಒತ್ತಡವನ್ನು ಅದರ ಜಾಗದಿಂದಲೂ ಫ್ರೇಮಿನ ಮೊಣಕಾಲಿನ (ಕಂಬ, ತೊಲೆ ಸೇರುವ ಜಾಗ) ಮೊಮೆಂಟಿಗೆ, ಅಂದರೆ ಅಲ್ಲಿ ಬಗ್ಗಿಸುವ ಪರಿಣಾಮಕ್ಕೆ, ಅದರ ಪ್ರಭಾವದ ಗುಣಕದಿಂದಲೂ ಗುಣಿಸಿ, ಪ್ರತಿ ಕ್ಷಣಕ್ಕೂ ಕೂಡಿಸಿ. ಮೊಮೆಂಟಿನದ್ದೇ ಒಂದು ಟೈಮ್ ಹಿಸ್ಟರಿ ಸಿಗುತ್ತದೆ. ಆಮೇಲೆ ಅದರ ಕರ್ಟೋಸಿಸ್ ನೋಡಿ. ಲೋಡಿನ ಕರ್ಟೋಸಿಸ್ ಹಿಡಿದು ಫ್ರೇಮಿಗೆ ತೀರ್ಪು ಕೊಡುವುದೇ ಎಲ್ಲರೂ ಮಾಡುವ ತಪ್ಪು.

ಪೀಕ್ ಹೇಗೆ ತೆಗೆದಿದ್ದಾರೆ ಅಂತಲೂ ಕೇಳಿ. ಒಂದೇ ರೆಕಾರ್ಡಿನ ಅತಿ ದೊಡ್ಡ ಬಿಂದುವಾದರೆ ಅದು ಅದೃಷ್ಟದಾಟ. ಹತ್ತು ನಿಮಿಷದ ಹಲವು ರೆಕಾರ್ಡುಗಳ ಪೀಕ್ ತೆಗೆದು ಗಂಬೆಲ್ ಹಂಚಿಕೆ (ಪೀಕುಗಳಿಗೇ ಬಳಸುವ ಹಂಚಿಕೆ) ಹೊಂದಿಸಿ, ಸರಾಸರಿಯೋ 78 ಶೇಕಡಾ ಮಟ್ಟವೋ ತೆಗೆಯುವುದು ವಾಡಿಕೆ. ಟನೆಲ್ಲಿನಲ್ಲಿ ಅದು ಕಷ್ಟವೂ ಅಲ್ಲ. ಮಾಡೆಲ್ 200ಕ್ಕೆ 1, ಗಾಳಿಯ ವೇಗ ಮೂರಕ್ಕೆ 1 ಇದ್ದರೆ ಹತ್ತು ನಿಮಿಷ ಅಲ್ಲಿ ಬರೇ 9 ಸೆಕೆಂಡ್.

ಹಿಂಜೆವಾಡಿ_ಹುಬ್ಳಿ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್, ಎರಡು ವಾರ ಬಿಟ್ಟು ಬಂದಿದ್ದೇನೆ, ಬೈಯಬೇಡಿ. ಲ್ಯಾಬಿನವರು ಡೇಟಾ ಕಳಿಸಿದರು. ವೇಗದ ಅಳತೆ ಮಾಣಿಯವರು ಹೇಳಿದ ಹಾಗೇ, ಛಾವಣಿ ಎತ್ತರದ ಹತ್ತು ನಿಮಿಷದ ಸರಾಸರಿ. ಪೀಕ್ ಕೂಡ ಹಲವು ರೆಕಾರ್ಡುಗಳಿಂದಲೇ ತೆಗೆದದ್ದು.

ಮೊಣಕಾಲಿನ ಮೊಮೆಂಟ್ ಲೆಕ್ಕ ಹಾಕಿದೆ. ಸ್ಕ್ಯೂನೆಸ್ 0.4, ಕರ್ಟೋಸಿಸ್ 3.4. ನೋಡಿ ಖುಷಿಯಾಯಿತು, 3ರ ಹತ್ತಿರ ಇದೆ, ಇನ್ನು 3.74 ಹಾಕಬಹುದು ಅಂದುಕೊಂಡೆ. ಸುಮ್ನೆ ಇರಲಿ ಅಂತ ಹರ್ಮೈಟ್‌ನಲ್ಲಿ ಹಾಕಿದರೆ 5.1 ಬಂತು! ಮೂರು ಸಲ ಲೆಕ್ಕ ಮಾಡಿದೆ, ಅದೇ. ರೆಕಾರ್ಡುಗಳಿಂದ ನೇರ ತೆಗೆದ ಸರಾಸರಿ ಪೀಕೂ 4.8. ಅಷ್ಟು ಸಣ್ಣ 0.4ಕ್ಕೆ ಇಷ್ಟು ಬೆಲೆ ಅಂತ ಗೊತ್ತಿರಲಿಲ್ಲ. ಸಮಾಧಾನ ಏನೆಂದರೆ ಮೊಮೆಂಟಿನ ಸಿಗ್ಮಾನೇ ಸಣ್ಣದು, ಕೋಡಿನ ಲೆಕ್ಕದಲ್ಲಿ ಹಾಕಿದ್ದ ಫ್ರೇಮ್ ಹಾಗೇ ಪಾಸಾಯಿತು. ಟನ್ನೇಜ್ ಕದಲಲಿಲ್ಲ.

ಬಾಸಿಗೆ ವೆರ್ಣಾ ಅಕ್ಕನ ನಕ್ಷತ್ರದ ಸೀಳಿನ ಕಥೆ ಹೇಳಿದೆ, ಕರ್ಟೋಸಿಸ್ ಹೇಳಲಿಲ್ಲ. ತಕ್ಷಣ ಮೂಲೆಯಲ್ಲಿ ಸ್ಕ್ರೂ ಅಂತರ ಅರ್ಧ ಮಾಡಲು ಒಪ್ಪಿದರು. ಈಗ ಫ್ಯಾಬ್ರಿಕೇಟರ್ ಕೇಳುತ್ತಿದ್ದಾನೆ, ಮೂಲೆ ಅಂದರೆ ಎಷ್ಟು ಮೀಟರ್ ತನಕ ಸಾಹೇಬ್ರೆ ಅಂತ.

ವೆರ್ಣಾ_ಶೀಟು:

ಎಲ್ಲ ಟ್ಯಾಪಿನ ಪೀಕನ್ನೂ ಛಾವಣಿಯ ನಕ್ಷೆ ಮೇಲೆ ಬಣ್ಣ ಹಾಕಿ ನೋಡು, ಎಲ್ಲ ದಿಕ್ಕಿನ ಗಾಳಿಗೂ. ಸುಳಿಯ ಎರಡು ಪಟ್ಟೆ ಮೂಲೆಯಿಂದ ಅಂಚಿನ ಗುಂಟ ಓರೆಯಾಗಿ ಹೋಗಿರುವುದು ಕಾಣುತ್ತದೆ. ಮೀಟರ್ ಸಂಖ್ಯೆ ಕೊಡಬೇಡ, ಯಾವ ಪರ್ಲಿನ್ ತನಕ ಅಂತ ಡ್ರಾಯಿಂಗಿನಲ್ಲಿ ಗೆರೆ ಎಳೆದು ಕೊಡು. ಮೇಲೆ ಹತ್ತಿ ಸ್ಕ್ರೂ ಹಾಕುವ ಹುಡುಗರು ಟೇಪ್ ಹಿಡಿಯಲ್ಲ, ಪರ್ಲಿನ್ ಎಣಿಸುತ್ತಾರೆ.